ಬಿಪಿ ಬುಕ್ಕು: ಹೃದಯಕ್ಕೆ ಬೇಕಾದ ಅಳತೆಗಳನ್ನು ಮನೆಯಲ್ಲೇ ಸರಿಯಾಗಿ ತೆಗೆದು ಬರೆದಿಡುವುದು

ಚಿಂತಾಮಣಿ, ಮಾಲೂರು, ಶಿಡ್ಲಘಟ್ಟ, ಯಾವ ಊರಿನಲ್ಲಾದರೂ ಸರಿ, ಬಿಪಿ ನೋಡಿಸಿಕೊಂಡು ಬಂದವರನ್ನು ಕೇಳಿದರೆ ಸಿಗುವುದು ಒಂದೇ ಉತ್ತರ: "ನಾರ್ಮಲ್ ಅಂದ್ರು", ಇಲ್ಲವೇ "ಸ್ವಲ್ಪ ಜಾಸ್ತಿ ಅಂದ್ರು". ಎಷ್ಟು ಬಂತು ಅಂದರೆ ಗೊತ್ತಿಲ್ಲ. ಹೋದ ತಿಂಗಳು ಎಷ್ಟಿತ್ತು ಅಂದರೆ ಅದೂ ಗೊತ್ತಿಲ್ಲ. ಬಿಪಿ ಜಾಸ್ತಿಯಾದರೆ ತಲೆ ತಿರುಗುತ್ತದೆ, ಕಣ್ಣು ಕೆಂಪಾಗುತ್ತದೆ, ಆಗ ನೋಡಿಸಿದರಾಯಿತು ಎಂಬ ನಂಬಿಕೆ ಇನ್ನೂ ಗಟ್ಟಿಯಾಗಿದೆ. ಇದು ತಪ್ಪು. 170 ಇದ್ದರೂ ಏನೂ ಅನ್ನಿಸದೆ ಹೊಲ ಉಳುವವರು ಬೇಕಾದಷ್ಟು ಜನ. ಶುಗರ್, ಕೊಲೆಸ್ಟ್ರಾಲ್ ಕೂಡ ಹಾಗೇ, ಸದ್ದಿಲ್ಲದೆ ರಕ್ತನಾಳ ಕೆಡಿಸುತ್ತವೆ. ಅಳೆದರೆ ಮಾತ್ರ ಗೊತ್ತಾಗುವ ಸಂಗತಿ ಇವು.

ಆದರೆ ತಪ್ಪಾಗಿ ಅಳೆದರೆ ಅಳೆಯದೇ ಇರುವುದಕ್ಕಿಂತ ಕಷ್ಟ. ಇಲ್ಲದ ಬಿಪಿಗೆ ಮಾತ್ರೆ ಶುರುವಾಗುತ್ತದೆ, ಇರುವ ಬಿಪಿ ಕಣ್ಣು ತಪ್ಪಿಸಿಕೊಳ್ಳುತ್ತದೆ. ಆದ್ದರಿಂದ ಇಲ್ಲಿ ಹೆಚ್ಚಿನ ಜಾಗ ಬಿಪಿಗೇ ಮೀಸಲು.

ಯಂತ್ರ ಕೊಳ್ಳುವ ಮುನ್ನ ಟೇಪು ಹಿಡಿಯಿರಿ

ಮಣಿಕಟ್ಟಿಗೆ ಕಟ್ಟುವ ಯಂತ್ರ, ಬೆರಳಿಗೆ ಹಾಕುವ ಯಂತ್ರ, ಕೈಗಡಿಯಾರದಲ್ಲಿ ತೋರಿಸುವ ಬಿಪಿ, ಇವು ಬೇಡ. ತೋಳಿಗೆ ಪಟ್ಟಿ ಸುತ್ತಿ ಬಟನ್ ಒತ್ತುವ ಡಿಜಿಟಲ್ ಯಂತ್ರವೇ ಆಗಬೇಕು. ಎಲ್ಲ ಡಿಜಿಟಲ್ ಯಂತ್ರಗಳೂ ನಿಖರತೆಯ ಪರೀಕ್ಷೆ ಪಾಸಾಗಿರುವುದಿಲ್ಲ. ಪಾಸಾದ ಮಾದರಿಗಳ ಪಟ್ಟಿ ಸ್ಟ್ರೈಡ್‌ಬಿಪಿ ಎಂಬ ಜಾಲತಾಣದಲ್ಲಿ ಸಿಗುತ್ತದೆ. ಡಬ್ಬಿಯ ಮೇಲಿನ ಮಾಡೆಲ್ ನಂಬರನ್ನು ಅದರಲ್ಲಿ ಹುಡುಕಿ ನೋಡಿ ಕೊಳ್ಳಿ.

ಅದಕ್ಕೂ ಮೊದಲು ತೋಳಿನ ಸುತ್ತಳತೆ ಗೊತ್ತಿರಬೇಕು. ಭುಜದ ಮೂಳೆಯ ತುದಿಗೂ ಮೊಣಕೈಗೂ ನಡುವಿನ ಜಾಗದಲ್ಲಿ ದರ್ಜಿಯ ಟೇಪು ಸುತ್ತಿ ಸೆಂಟಿಮೀಟರ್‌ನಲ್ಲಿ ಬರೆದುಕೊಳ್ಳಿ. ಸಾಮಾನ್ಯವಾಗಿ ಯಂತ್ರದ ಜೊತೆ ಬರುವ ಪಟ್ಟಿ 22ರಿಂದ 32 ಸೆಂ.ಮೀ. ತೋಳಿಗೆ ಹೊಂದುತ್ತದೆ. ತೋಳು 34, 36 ಇದ್ದವರಿಗೆ ದೊಡ್ಡ ಪಟ್ಟಿ ಬೇಕೇ ಬೇಕು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಬಿಪಿ 5ರಿಂದ 20 ಪಾಯಿಂಟ್‌ವರೆಗೆ ಸುಳ್ಳಾಗಿ ಮೇಲೇರುತ್ತದೆ. ತೆಳ್ಳಗಿನ ಅಜ್ಜಿಯ ತೋಳಿಗೆ ದೊಡ್ಡ ಪಟ್ಟಿ ಕಟ್ಟಿದರೆ ಉಲ್ಟಾ, ಕಡಿಮೆ ತೋರಿಸುತ್ತದೆ. ಮನೆಯಲ್ಲಿ ಗಂಡನಿಗೂ ಅತ್ತೆಗೂ ಒಂದೇ ಯಂತ್ರ ಬಳಸುವುದಾದರೆ ಎರಡು ಅಳತೆಯ ಪಟ್ಟಿ ಇಟ್ಟುಕೊಳ್ಳುವುದು ಖರ್ಚಲ್ಲ.

ವರ್ಷಕ್ಕೊಮ್ಮೆ ಯಂತ್ರವನ್ನು ಡಾಕ್ಟರ ಬಳಿ ಒಯ್ದು, ಅವರ ಯಂತ್ರದಲ್ಲಿ ಒಂದು ಸಲ, ನಿಮ್ಮದರಲ್ಲಿ ಒಂದು ಸಲ ತೆಗೆಸಿ ಹೋಲಿಸಿ. ಸೆಲ್ಲು ಕುಗ್ಗಿದಾಗ, ಪಟ್ಟಿಯ ವೆಲ್ಕ್ರೋ ಹಿಡಿತ ತಪ್ಪಿದಾಗ ಬರುವ ಅಂಕಿಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಹೊತ್ತು ಯಾವುದು?

ನಮ್ಮ ಕಡೆ ಬೆಳಗಿನ ಜಾವವೇ ಓಡಾಟದ ಹೊತ್ತು. ಹಾಲು ಕರೆದು, ಡೇರಿಗೆ ಹಾಕಿ, ಬಂದ ಕೂಡಲೇ ಟೀ ಹೀರಿ, ಆಮೇಲೆ ಬಿಪಿ ನೋಡಿಕೊಂಡರೆ ಆ ಅಂಕಿ ನಡಿಗೆಯದ್ದು, ಟೀಯದ್ದು. ಎದ್ದು, ಮೂತ್ರಕ್ಕೆ ಹೋಗಿ ಬಂದು, ಕೊಟ್ಟಿಗೆಗೆ ಹೋಗುವ ಮುಂಚೆಯೇ ಅಳೆದುಬಿಡುವುದು ಒಳ್ಳೆಯದು. ಆಗಲಿಲ್ಲವೆಂದರೆ ಡೇರಿಯಿಂದ ಬಂದು ಅರ್ಧ ಗಂಟೆ ಕಳೆದ ಮೇಲೆ, ಟೀ ಮತ್ತು ತಿಂಡಿಗೆ ಮುಂಚೆ. ಕಾಫಿ, ಟೀ, ಬೀಡಿ, ಹೊಗೆಸೊಪ್ಪು ಹಾಕಿದ ಎಲೆಅಡಿಕೆ, ಮೈಮುರಿಯುವ ಕೆಲಸ, ಇವು ಯಾವುದೇ ಆಗಲಿ, ಆದ ಮೇಲೆ ಅರ್ಧ ಗಂಟೆ ಬಿಡಬೇಕು. ಮೂತ್ರ ಕಟ್ಟಿಕೊಂಡು ಕೂತರೆ 10 ಪಾಯಿಂಟ್ ಏರುವುದುಂಟು.

ಬೆಳಗಿನ ಅಳತೆ ಬಿಪಿ ಮಾತ್ರೆ ನುಂಗುವ ಮೊದಲೇ ಆಗಬೇಕು. ನಿನ್ನೆಯ ಮಾತ್ರೆ ಇಪ್ಪತ್ತನಾಲ್ಕು ಗಂಟೆ ತಡೆಯಿತೇ ಇಲ್ಲವೇ ಎಂಬುದು ಆ ಅಂಕಿಯಲ್ಲೇ ಕಾಣುವುದು. ಮಾತ್ರೆ ನುಂಗಿ ಎರಡು ಗಂಟೆಯಾದ ಮೇಲೆ ಚೆನ್ನಾಗಿಯೇ ಬರುತ್ತದೆ, ಅದರಿಂದ ಡಾಕ್ಟರಿಗೆ ಹೆಚ್ಚೇನೂ ತಿಳಿಯದು. ಎರಡನೆಯ ಅಳತೆ ಸಂಜೆ, ರಾತ್ರಿ ಊಟಕ್ಕೆ ಮುಂಚೆ.

ಕೂರುವ ಬಗೆ

ನೆಲದ ಮೇಲೆ ಚಕ್ಕಳಮಕ್ಕಳ ಬೇಡ, ಜಗಲಿಯ ಅಂಚೂ ಬೇಡ. ಬೆನ್ನಿಗೆ ಆಸರೆಯಿರುವ ಕುರ್ಚಿ ಹಾಕಿಕೊಳ್ಳಿ. ಪಾದ ಎರಡೂ ನೆಲಕ್ಕೆ ಊರಿರಬೇಕು. ಕುಳ್ಳಗಿರುವವರಿಗೆ ಕಾಲು ನೆಲ ಮುಟ್ಟದಿದ್ದರೆ ಕೆಳಗೆ ಒಂದು ಮಣೆ ಇಡಿ. ಕಾಲಮೇಲೆ ಕಾಲು ಹಾಕಬಾರದು. ಕೈಯನ್ನು ಮೇಜಿನ ಮೇಲೆ ಚಾಚಿ, ಪಟ್ಟಿ ಕಟ್ಟಿದ ಜಾಗ ಎದೆಯ ನಡುಮಟ್ಟಕ್ಕೆ ಬರುವಂತೆ ಕೆಳಗೆ ಕಂಬಳಿಯನ್ನೋ ಟವೆಲ್ಲನ್ನೋ ಮಡಿಸಿ ಇಡಿ. ಈ ಮಟ್ಟ ಮುಖ್ಯ. ತೋಳು ಎದೆಮಟ್ಟಕ್ಕಿಂತ 10 ಸೆಂ.ಮೀ. ಕೆಳಗಿದ್ದರೆ ಸುಮಾರು 8 ಪಾಯಿಂಟ್ ಹೆಚ್ಚು ಬರುತ್ತದೆ, ಮೇಲಿದ್ದರೆ ಅಷ್ಟೇ ಕಡಿಮೆ. ಕೈಯನ್ನು ತೊಡೆಯ ಮೇಲೆ ಇಳಿಬಿಟ್ಟು ಅಳೆಯುವುದು ನಾವು ಕಾಣುವ ಅತಿ ಸಾಮಾನ್ಯ ತಪ್ಪು.

ಪಟ್ಟಿ ಬರಿ ತೋಳಿಗೇ ಸುತ್ತಬೇಕು. ರವಿಕೆಯ ಮೇಲೆ, ಸ್ವೆಟರ್ ಮೇಲೆ ಸುತ್ತಿದ್ದು ಲೆಕ್ಕಕ್ಕಿಲ್ಲ. ಅಂಗಿಯ ಬಿಗಿ ತೋಳನ್ನು ಮೇಲೆ ಮಡಿಸಿ ಒತ್ತರಿಸಿದರೆ ಅದೇ ಒಂದು ಪಟ್ಟಿಯಾಗಿ ರಕ್ತ ತಡೆಯುತ್ತದೆ, ಒಂದು ಕೈಯನ್ನು ಅಂಗಿಯಿಂದ ಹೊರಗೆ ತೆಗೆದೇಬಿಡಿ. ಪಟ್ಟಿಯ ಕೆಳ ಅಂಚು ಮೊಣಕೈ ಮಡಿಕೆಯಿಂದ ಎರಡು ಬೆರಳು ಮೇಲಿರಲಿ, ಕೊಳವೆ ಮೊಣಕೈಯ ಒಳಭಾಗದ ನೇರಕ್ಕೆ ಬರಲಿ, ಒಳಗೆ ಎರಡು ಬೆರಳು ತೂರುವಷ್ಟು ಸಡಿಲ ಇರಲಿ.

ಹೀಗೆ ಕೂತು ಐದು ನಿಮಿಷ ಸುಮ್ಮನಿರಿ. ಮಾತು ಬೇಡ, ಫೋನು ಬೇಡ, ಟಿವಿಯಲ್ಲಿ ಧಾರಾವಾಹಿಯೂ ಬೇಡ. ಯಂತ್ರ ಗಾಳಿ ತುಂಬುವಾಗ ಮನೆಯವರು "ಎಷ್ಟು ಬಂತು?" ಅಂತ ಕೇಳಿ ನೀವು ಉತ್ತರ ಕೊಟ್ಟರೂ 10 ಪಾಯಿಂಟ್ ಏರುತ್ತದೆ. ಬಟನ್ ಒತ್ತಿ. ಅಂಕಿ ಬಂದ ಮೇಲೆ ಬರೆದುಕೊಂಡು, ಒಂದು ನಿಮಿಷ ಬಿಟ್ಟು ಇನ್ನೊಂದು ಸಲ. ಮೊದಲನೆಯದು 152/94, ಎರಡನೆಯದು 144/90 ಬಂದರೆ ಎರಡನ್ನೂ ಬರೆಯಿರಿ. ಕಡಿಮೆ ಬರುವವರೆಗೂ ಮತ್ತೆ ಮತ್ತೆ ಒತ್ತಿ, ಕೊನೆಗೆ ಬಂದ ಒಳ್ಳೆಯ ಅಂಕಿಯೊಂದನ್ನೇ ಬರೆಯುವ ಅಭ್ಯಾಸ ಕೆಲವರಿಗಿದೆ. ಡಾಕ್ಟರು ಆ ಅಂಕಿ ನೋಡಿಯೇ ಮಾತ್ರೆಯ ಪ್ರಮಾಣ ನಿರ್ಧರಿಸುತ್ತಾರೆ ಎಂಬುದು ನೆನಪಿರಲಿ.

ಮೊಟ್ಟಮೊದಲ ದಿನ ಎರಡೂ ತೋಳಿನಲ್ಲಿ ನೋಡಿ. ಯಾವುದರಲ್ಲಿ ಹೆಚ್ಚೋ ಇನ್ನು ಮುಂದೆ ಅದೇ ತೋಳು. ಬೇರೆ ಬೇರೆ ದಿನ ನೋಡಿದರೂ ಎರಡರ ನಡುವೆ ಮೇಲಿನ ಬಿಪಿಯಲ್ಲಿ 10, 15ಕ್ಕಿಂತ ಹೆಚ್ಚು ವ್ಯತ್ಯಾಸ ಉಳಿದರೆ ಡಾಕ್ಟರಿಗೆ ಹೇಳಿ. ಕೈಗೆ ಹೋಗುವ ರಕ್ತನಾಳ ಕಿರಿದಾಗಿರುವ ಸೂಚನೆ ಅದಾಗಿರಬಹುದು.

ಏಳು ದಿನದ ಲೆಕ್ಕ

ಬೆಳಿಗ್ಗೆ ಎರಡು, ಸಂಜೆ ಎರಡು, ಹೀಗೆ ಏಳು ದಿನ ತೆಗೆಯಿರಿ. ಒಟ್ಟು 28 ಅಂಕಿ. ಮೊದಲ ದಿನದ ನಾಲ್ಕನ್ನು ಬಿಟ್ಟುಬಿಡಿ, ಯಂತ್ರ ಹೊಸದಾದ್ದರಿಂದ ಅಂದು ಮನಸ್ಸಿನ ಗಾಬರಿಯೂ ಸೇರಿರುತ್ತದೆ. ಉಳಿದ 24ರ ಮೇಲಿನ ಅಂಕಿಗಳನ್ನು ಕೂಡಿ 24ರಿಂದ ಭಾಗಿಸಿ, ಕೆಳಗಿನವನ್ನೂ ಹಾಗೇ. ಮನೆಯ ಮಕ್ಕಳಿಗೆ ಕೊಟ್ಟರೆ ಮೊಬೈಲಿನಲ್ಲೇ ಮಾಡಿಕೊಡುತ್ತಾರೆ. ಪೂರ್ತಿ ವಾರ ಆಗದಿದ್ದರೆ ಮೂರು ದಿನವಾದರೂ ಬೇಕು.

ಆಸ್ಪತ್ರೆಯಲ್ಲಿ ಬಿಪಿ ಹೆಚ್ಚು ಎನ್ನುವ ಗೆರೆ 140/90. ಮನೆಯ ಸರಾಸರಿಗೆ ಗೆರೆ ಸ್ವಲ್ಪ ಕೆಳಗೆ, 135/85. ಮೇಲಿನದು, ಕೆಳಗಿನದು, ಯಾವುದಾದರೂ ಒಂದು ಗೆರೆ ಮುಟ್ಟಿದರೂ ಹೆಚ್ಚೇ. ಮನೆಯಲ್ಲಿ 126/80 ಇದ್ದು ಆಸ್ಪತ್ರೆಯಲ್ಲಿ ಮಾತ್ರ 150 ಬರುವವರಿದ್ದಾರೆ, ಬಿಳಿ ಕೋಟು ಕಂಡರೆ ಏರುವ ಬಿಪಿ ಅದು. ಅದಕ್ಕಿಂತ ಅಪಾಯ ಇದರ ಉಲ್ಟಾ: ಆಸ್ಪತ್ರೆಯಲ್ಲಿ ಸರಿಯಾಗಿ ಬಂದು ಮನೆಯಲ್ಲಿ ಹೆಚ್ಚಿರುವುದು. ಬೀಡಿ ಸಿಗರೇಟು ಸೇದುವವರಲ್ಲಿ, ಶುಗರ್ ಇರುವವರಲ್ಲಿ ಇದು ಹೆಚ್ಚು. ಮನೆಯಲ್ಲಿ ಅಳೆಯದೆ ಇದನ್ನು ಹಿಡಿಯುವುದು ಕಷ್ಟ.

ವಾರವನ್ನು ಆರಿಸಿಕೊಳ್ಳುವಾಗ ಸ್ವಲ್ಪ ಯೋಚಿಸಿ. ರೇಷ್ಮೆ ಮನೆಯಲ್ಲಿ ಹುಳು ನಾಲ್ಕನೇ ಜ್ವರ, ಅಂದರೆ ನಾಲ್ಕನೇ ಸಲ ಪೊರೆ ಬಿಡುವ ಹಂತ, ಎದ್ದು ಹಗಲು ರಾತ್ರಿ ಸೊಪ್ಪು ಹಾಕುವ ದಿನಗಳು, ಟೊಮೆಟೊ ಕೊಯ್ದು ರಾತ್ರೋರಾತ್ರಿ ಕೋಲಾರದ ಮಾರುಕಟ್ಟೆಗೆ ಸಾಗಿಸುವ ದಿನಗಳು, ಇವುಗಳಲ್ಲಿ ನಿದ್ದೆ ಕೆಟ್ಟು ಬಿಪಿ ಏರಿರುತ್ತದೆ. ಅಳೆಯಬಾರದು ಅಂತಲ್ಲ, ಆದರೆ ಪಕ್ಕದಲ್ಲಿ "ನಿದ್ದೆ ಇಲ್ಲ" ಎಂದು ಬರೆಯಿರಿ. ವರ್ಷಕ್ಕೆ ಐದಾರು ಬೆಳೆ ಹುಳು ಸಾಕುವವರಲ್ಲಿ ಅದೇ ಅವರ ನಿಜ ಜೀವನ, ಡಾಕ್ಟರಿಗೆ ಅದೂ ಗೊತ್ತಾಗಬೇಕು.

ಮಾತ್ರೆ ಬದಲಾದಾಗ ಮತ್ತು ಡಾಕ್ಟರ ಬಳಿ ಹೋಗುವ ಹಿಂದಿನ ವಾರ ಹೀಗೆ ಪೂರ್ತಿ ಅಳೆಯಿರಿ. ಉಳಿದಂತೆ ವಾರಕ್ಕೆ ಒಂದೆರಡು ದಿನ ಸಾಕು. ದಿನಕ್ಕೆ ಹತ್ತು ಸಲ ನೋಡಿಕೊಳ್ಳುವುದರಿಂದ ಗಾಬರಿ ಹೆಚ್ಚಿ, ಗಾಬರಿಯಿಂದ ಬಿಪಿ ಹೆಚ್ಚುತ್ತದೆ.

ಸರಾಸರಿ ಏರುತ್ತಿದ್ದರೆ ಎಲ್ಲಿ ಹುಡುಕಬೇಕು? ಮೊದಲು ಮಾತ್ರೆ ತಪ್ಪಿದೆಯೇ ನೋಡಿ. "ನಾರ್ಮಲ್ ಬಂತು, ಅದಕ್ಕೇ ಬಿಟ್ಟೆ" ಎನ್ನುವುದು ಎಲ್ಲ ಊರಲ್ಲೂ ಕೇಳುವ ಮಾತು. ನಾರ್ಮಲ್ ಬಂದಿದ್ದೇ ಮಾತ್ರೆಯಿಂದ. ಎರಡನೆಯದು ನೋವಿನ ಮಾತ್ರೆ. ಸೊಂಟನೋವು, ಮಂಡಿನೋವಿಗೆ ಅಂಗಡಿಯಿಂದ ತಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ದೇಹದಲ್ಲಿ ಉಪ್ಪುನೀರು ತಡೆಹಿಡಿದು ಬಿಪಿ ಏರಿಸುತ್ತವೆ, ಬಿಪಿ ಮಾತ್ರೆಯ ಕೆಲಸವನ್ನೂ ಕುಗ್ಗಿಸುತ್ತವೆ. ಮೂತ್ರಪಿಂಡಕ್ಕೂ ಕೇಡು. ಕೆಮ್ಮಿಗೆ ದಿನಾ ಜಗಿಯುವ ಅತಿಮಧುರವೂ ಬಿಪಿ ಏರಿಸುತ್ತದೆ. ಮೂರನೆಯದು ಉಪ್ಪು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚ, ಎಲ್ಲ ಸೇರಿ. ಬಸ್ಸಾರಿಗೆ ಹಾಕಿದ್ದು, ಅದರ ಖಾರಕ್ಕೆ ಮತ್ತೆ ಹಾಕಿದ್ದು, ಪಕ್ಕದಲ್ಲಿ ಮಾವಿನ ಉಪ್ಪಿನಕಾಯಿ, ಮೇಲೆ ಹಪ್ಪಳ. ಒಂದು ತಿಂಗಳಿಗೆ ಎಷ್ಟು ಪ್ಯಾಕೆಟ್ ಉಪ್ಪು ಖರ್ಚಾಗುತ್ತದೆ ಎಂದು ಲೆಕ್ಕ ಹಾಕಿ. ನಾಲ್ಕು ಜನರ ಮನೆಗೆ ದಿನಕ್ಕೆ 20 ಗ್ರಾಂ, ತಿಂಗಳಿಗೆ 600 ಗ್ರಾಂ ಆಗಬೇಕು. ಎರಡು ಕೆ.ಜಿ. ಮುಗಿಯುತ್ತಿದ್ದರೆ ಉತ್ತರ ಅಲ್ಲೇ ಇದೆ.

ವಯಸ್ಸಾದವರಿಗೆ ಇನ್ನೊಂದು ಅಳತೆ ಇದೆ. ಕೂತಾಗ ನೋಡಿದ ಮೇಲೆ ಎದ್ದು ನಿಲ್ಲಿಸಿ, ಒಂದು ನಿಮಿಷಕ್ಕೂ ಮೂರು ನಿಮಿಷಕ್ಕೂ ನೋಡಿ, ಪಕ್ಕದಲ್ಲಿ ಒಬ್ಬರು ಹಿಡಿದುಕೊಂಡಿರಲಿ. ಮೇಲಿನದು 20 ಅಥವಾ ಕೆಳಗಿನದು 10 ಇಳಿದರೆ ಬೆಳಗಿನ ಜಾವ ಬಚ್ಚಲಿಗೆ ಹೋಗುವಾಗ ಬೀಳುವ ಅಪಾಯವಿದೆ. ಮಾತ್ರೆಯ ಪ್ರಮಾಣವೋ ಹೊತ್ತೋ ಬದಲಾಗಬೇಕಾಗಬಹುದು, ಅದನ್ನು ಡಾಕ್ಟರೇ ಮಾಡಬೇಕು.

180/120 ದಾಟಿ ಬಂದರೆ ಐದು ನಿಮಿಷ ಸುಮ್ಮನೆ ಕೂತು ಮತ್ತೆ ನೋಡಿ. ಹಾಗೇ ಇದ್ದು, ಮೈಯಲ್ಲಿ ಏನೂ ತೊಂದರೆ ಇಲ್ಲದಿದ್ದರೆ ಅಂದೇ ಡಾಕ್ಟರನ್ನು ಕಾಣಿ. ಎದೆನೋವು, ಉಸಿರು ಕಟ್ಟುವುದು, ಬಾಯಿ ಓರೆ, ಮಾತು ತೊದಲು, ಕೈಕಾಲು ಸೋಲು, ಕಣ್ಣು ಮಂಜು, ಇವುಗಳಲ್ಲಿ ಒಂದಿದ್ದರೂ 108ಕ್ಕೆ ಕರೆ ಮಾಡಿ. ಗರ್ಭಿಣಿಗೆ 140/90 ಬಂದರೂ ಕಾಯುವ ಹಾಗಿಲ್ಲ, ಅವತ್ತೇ ಆಸ್ಪತ್ರೆ.

ನಾಡಿ

ಬಿಪಿ ಯಂತ್ರವೇ ನಾಡಿಯ ಅಂಕಿ ಕೊಡುತ್ತದೆ, ಆದರೂ ಕೈಯಲ್ಲಿ ಹಿಡಿದು ನೋಡುವುದು ಕಲಿಯಿರಿ. ಹೆಬ್ಬೆರಳ ಬುಡದಲ್ಲಿ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಪೂರ್ತಿ ಒಂದು ನಿಮಿಷ ಎಣಿಸಿ. ವಿಶ್ರಾಂತಿಯಲ್ಲಿ 60ರಿಂದ 100 ಸಾಮಾನ್ಯ. ಎಣಿಕೆಗಿಂತ ಲಯವೇ ಮುಖ್ಯ. ಹೊಡೆತ ಹಿಂದುಮುಂದಾಗಿ, ಯಾವ ಲೆಕ್ಕಕ್ಕೂ ಸಿಗದೆ ಬರುತ್ತಿದ್ದರೆ ಇಸಿಜಿ ಮಾಡಿಸಲೇಬೇಕು. ಹೃದಯದ ಮೇಲಿನ ಕೋಣೆಗಳು ಹೀಗೆ ಅದುರುವಾಗ ಒಳಗೆ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗಿ ಲಕ್ವ ಹೊಡೆಯಬಹುದು. ಇಂಥವರಲ್ಲಿ ಡಿಜಿಟಲ್ ಯಂತ್ರದ ಬಿಪಿಯೂ ಪೂರ್ತಿ ನಂಬಿಕೆಗೆ ಬಾರದು, ಮೂರು ಸಲ ತೆಗೆದು ಸರಾಸರಿ ಹಿಡಿಯಬೇಕು.

ಶುಗರ್: ಕೈ ತೊಳೆದಿರಾ?

ಶ್ರೀನಿವಾಸಪುರದ ಮಾವಿನ ಕಾಲದಲ್ಲಿ ಹಣ್ಣು ಹೆಚ್ಚಿದ ಕೈಯಲ್ಲೇ ಬೆರಳು ಚುಚ್ಚಿಕೊಂಡರೆ ಗ್ಲುಕೋಮೀಟರ್ ಅಳೆಯುವುದು ರಕ್ತದ ಸಕ್ಕರೆಯ ಜೊತೆಗೆ ಹಣ್ಣಿನ ಸಕ್ಕರೆಯನ್ನೂ. ದ್ರಾಕ್ಷಿ, ಬೆಲ್ಲ ಮುಟ್ಟಿದರೂ ಇದೇ ಕಥೆ. ಸೋಪು ನೀರಿನಲ್ಲಿ ತೊಳೆದು ಚೆನ್ನಾಗಿ ಒರೆಸಿ. ಒದ್ದೆ ಬೆರಳಿನಲ್ಲಿ ರಕ್ತ ತೆಳುವಾಗಿ ಕಡಿಮೆ ತೋರಿಸುತ್ತದೆ. ಬೆರಳ ತುದಿಯಲ್ಲಲ್ಲ, ಪಕ್ಕದಲ್ಲಿ ಚುಚ್ಚಿ, ನೋವು ಕಡಿಮೆ. ಹಿಂಡಿ ಹಿಂಡಿ ತೆಗೆಯಬೇಡಿ. ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಮುಚ್ಚಿ. ತೇವ ಹಿಡಿದ ಸ್ಟ್ರಿಪ್, ದಿನಾಂಕ ಮುಗಿದ ಸ್ಟ್ರಿಪ್ ಬಿಸಾಡಿ. ಸೂಜಿ ಒಬ್ಬರಿಗೊಂದು, ಇನ್ನೊಬ್ಬರಿಗೆ ಬಳಸುವಂತೆಯೇ ಇಲ್ಲ. ಬಳಸಿದ್ದನ್ನು ಗಟ್ಟಿ ಪ್ಲಾಸ್ಟಿಕ್ ಬಾಟಲಿಗೆ ಹಾಕಿ, ತಿಪ್ಪೆಗಲ್ಲ.

ಮನೆಯ ಮೀಟರ್ 15 ಪರ್ಸೆಂಟ್‌ವರೆಗೆ ಆಚೀಚೆ ತೋರಿಸುವುದು ಸಹಜ. ಆದ್ದರಿಂದ ಶುಗರ್ ಇದೆಯೋ ಇಲ್ಲವೋ ಎಂಬ ತೀರ್ಮಾನ ಲ್ಯಾಬಿನದೇ. ರಾತ್ರಿ ಊಟವಾಗಿ ಎಂಟು ಗಂಟೆ ಬರೀ ನೀರಿನ ಮೇಲಿದ್ದು ಕೊಟ್ಟ ರಕ್ತದಲ್ಲಿ 100ರ ಕೆಳಗೆ ಸರಿ, 100ರಿಂದ 125 ಎಚ್ಚರಿಕೆಯ ಮಟ್ಟ, 126 ಅಥವಾ ಮೇಲೆ ಎರಡು ಸಲ ಬಂದರೆ ಸಕ್ಕರೆ ಕಾಯಿಲೆ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 5.7ರ ಕೆಳಗಿರಬೇಕು, 6.5 ಆದರೆ ಕಾಯಿಲೆ. ರಕ್ತಹೀನತೆ ಇರುವ ಹೆಣ್ಣುಮಕ್ಕಳಲ್ಲಿ ಕಬ್ಬಿಣಾಂಶ ಕಡಿಮೆಯಿದ್ದಾಗ ಈ ಪರೀಕ್ಷೆ ಇರುವುದಕ್ಕಿಂತ ಹೆಚ್ಚು ತೋರಿಸಬಹುದು, ಹಿಮೋಗ್ಲೋಬಿನ್ ಜೊತೆಗೇ ನೋಡಿಸಿ.

ಶುಗರ್ ಇರುವವರಿಗೆ ಮೀಟರಿನಿಂದ ನಿಜವಾದ ಉಪಯೋಗ ತಟ್ಟೆಯ ಲೆಕ್ಕ ತಿಳಿಯುವುದರಲ್ಲಿದೆ. ರಾಗಿ ತಿಂದರೆ ಶುಗರ್ ಏರುವುದಿಲ್ಲ ಎಂಬ ಮಾತು ಪೂರ್ತಿ ನಿಜವಲ್ಲ, ರಾಗಿಯಲ್ಲೂ ಸುಮಾರು ಮೂರನೇ ಎರಡು ಪಾಲು ಪಿಷ್ಟವೇ. ಒಂದು ದಿನ ಎಂದಿನಂತೆ ದೊಡ್ಡ ಮುದ್ದೆ, ಬರೀ ಸಾರು. ಇನ್ನೊಂದು ದಿನ ಅರ್ಧ ಮುದ್ದೆ, ಬಸ್ಸಾರಿನ ಸೊಪ್ಪು ಕಾಳಿನ ಪಲ್ಯ ಒಂದು ಬಟ್ಟಲು. ಎರಡೂ ದಿನ ಊಟಕ್ಕೆ ಮುಂಚೆ ಒಂದು ಸಲ, ಮೊದಲ ತುತ್ತಿನಿಂದ ಎರಡು ಗಂಟೆಗೆ ಸರಿಯಾಗಿ ಇನ್ನೊಂದು ಸಲ ನೋಡಿ. ಎರಡು ದಿನದ ಏರಿಕೆ ಪಕ್ಕಪಕ್ಕ ಬರೆದರೆ ನಿಮ್ಮ ದೇಹಕ್ಕೆ ಎಷ್ಟು ಮುದ್ದೆ ಎಂಬುದು ಕಣ್ಣಿಗೆ ಕಾಣುತ್ತದೆ. 70ಕ್ಕಿಂತ ಕೆಳಗಿಳಿದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿದು ಹದಿನೈದು ನಿಮಿಷಕ್ಕೆ ಮತ್ತೆ ನೋಡಿ.

ಸೊಂಟದ ಟೇಪು

ಪ್ಯಾಂಟಿನ ಸೈಜು ಸೊಂಟದ ಅಳತೆಯಲ್ಲ. ಹೊಟ್ಟೆ ಬಂದವರು ಬೆಲ್ಟನ್ನು ಕೆಳಗೆ ಇಳಿಸಿಕೊಂಡು ಸೈಜು ಬದಲಾಗಿಲ್ಲ ಎಂದುಕೊಳ್ಳುತ್ತಾರೆ. ಕೊನೆಯ ಪಕ್ಕೆಲುಬಿನ ಕೆಳಗೂ ಸೊಂಟದ ಮೂಳೆಯ ಮೇಲಕ್ಕೂ ನಡುವೆ, ಬರಿ ಮೈಮೇಲೆ, ಟೇಪು ನೆಲಕ್ಕೆ ಸಮನಾಗಿರುವಂತೆ ಸುತ್ತಿ, ಉಸಿರು ಸಹಜವಾಗಿ ಬಿಟ್ಟ ಮೇಲೆ ಓದಿ. ಹೊಟ್ಟೆ ಒಳಗೆಳೆದುಕೊಳ್ಳಬೇಡಿ. ಭಾರತೀಯರಿಗೆ ಗೆರೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80. ಇದನ್ನು ನೆನಪಿಡುವುದು ಕಷ್ಟವೆಂದರೆ, ನಿಮ್ಮ ಎತ್ತರದಷ್ಟು ದಾರ ಕತ್ತರಿಸಿ ಎರಡು ಮಡಿಕೆ ಮಾಡಿ ಸೊಂಟಕ್ಕೆ ಸುತ್ತಿ. ತುದಿ ಕೂಡದಿದ್ದರೆ ಹೊಟ್ಟೆ ಹೆಚ್ಚಾಗಿದೆ. ತಿಂಗಳಿಗೊಮ್ಮೆ ಸಾಕು.

ತೂಕವೂ ತಿಂಗಳಿಗೊಮ್ಮೆ ಸಾಕು, ಹೃದಯ ದುರ್ಬಲವಾಗಿ ನೀರು ತುಂಬುವ ಕಾಯಿಲೆ ಇರುವವರನ್ನು ಬಿಟ್ಟು. ಅವರು ದಿನಾ ಬೆಳಿಗ್ಗೆ, ಮೂತ್ರವಾದ ಮೇಲೆ, ತಿಂಡಿಗೆ ಮುಂಚೆ, ಗಟ್ಟಿ ನೆಲದ ಮೇಲಿಟ್ಟ ಒಂದೇ ಯಂತ್ರದಲ್ಲಿ ನೋಡಬೇಕು. ಮೂರು ದಿನದಲ್ಲಿ 2 ಕೆ.ಜಿ. ಏರಿದರೆ ಅದು ಕೊಬ್ಬಲ್ಲ, ನೀರು. ಕಾಲು ಊದಿ ಉಸಿರಾಡಲಾಗದ ಸ್ಥಿತಿ ಬರುವ ಮುಂಚೆಯೇ ಡಾಕ್ಟರಿಗೆ ಫೋನ್ ಮಾಡಿ.

ರಕ್ತದ ಕೊಬ್ಬು ಮತ್ತು ಮೂತ್ರಪಿಂಡ

ಲಿಪಿಡ್ ಪ್ರೊಫೈಲ್ ರಿಪೋರ್ಟಿನಲ್ಲಿ ಎಲ್ಲರೂ ನೋಡುವುದು ಒಟ್ಟು ಕೊಲೆಸ್ಟ್ರಾಲ್ ಒಂದನ್ನೇ. ಅದರಿಂದ ಎಚ್‌ಡಿಎಲ್, ಅಂದರೆ ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವುದನ್ನು, ಕಳೆಯಿರಿ. ಒಟ್ಟು 210, ಎಚ್‌ಡಿಎಲ್ 38 ಇದ್ದರೆ ಉಳಿದದ್ದು 172. ರಕ್ತನಾಳಕ್ಕೆ ಅಂಟುವ ಕೊಬ್ಬೆಲ್ಲ ಇದರಲ್ಲಿದೆ. ಶುಗರ್ ಇರುವವರಿಗೆ ಇದು 130ರ ಕೆಳಗೆ, ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ 100ರ ಕೆಳಗಾದರೂ ಇರಬೇಕು. ಹೃದಯಾಘಾತ ಆದವರಿಗೆ ಎಲ್‌ಡಿಎಲ್ 70ಕ್ಕಿಂತಲೂ ಕೆಳಗೆ ಇಳಿಯಬೇಕು. ರಿಪೋರ್ಟಿನ ಪಕ್ಕದಲ್ಲಿ ಅಚ್ಚಾಗಿರುವ ನಾರ್ಮಲ್ ಮಿತಿ ಆರೋಗ್ಯವಂತರದು, ಸ್ಟೆಂಟ್ ಹಾಕಿಸಿಕೊಂಡವರು ಅದನ್ನು ನೋಡಿ ನಿಶ್ಚಿಂತರಾಗಬಾರದು. ಸಾಮಾನ್ಯವಾಗಿ ಈ ಪರೀಕ್ಷೆಗೆ ಉಪವಾಸ ಬೇಕಿಲ್ಲ. ಟ್ರೈಗ್ಲಿಸರೈಡ್ ಎಂಬ ಇನ್ನೊಂದು ಕೊಬ್ಬು 400 ದಾಟಿದರೆ ಮಾತ್ರ ಖಾಲಿ ಹೊಟ್ಟೆಯಲ್ಲಿ ಮತ್ತೆ ಮಾಡಿಸಿ, ಏಕೆಂದರೆ ಲೆಕ್ಕ ಹಾಕಿ ತೆಗೆದ ಎಲ್‌ಡಿಎಲ್ ಆಗ ತಪ್ಪುತ್ತದೆ. ಜ್ವರ ಬಂದು ಮಲಗಿದ್ದಾಗ ಮಾಡಿಸಬೇಡಿ. ಮನೆಯಲ್ಲಿ ಅಪ್ಪನಿಗೋ ಅಣ್ಣನಿಗೋ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತವಾಗಿದ್ದರೆ ಲೈಪೊಪ್ರೋಟೀನ್ ಎ ಎಂಬ ಪರೀಕ್ಷೆಯನ್ನು ಜೀವನದಲ್ಲಿ ಒಮ್ಮೆ ಮಾಡಿಸಿ. ಅದು ಹುಟ್ಟಿನಿಂದ ಬರುವಂಥದ್ದು, ಪಥ್ಯದಿಂದ ಬದಲಾಗುವುದಿಲ್ಲ.

ಬಿಪಿ, ಶುಗರ್ ಇರುವವರು ಮೂತ್ರಪಿಂಡದ ಸ್ಥಿತಿ ತಿಳಿಯಲು ವರ್ಷಕ್ಕೊಮ್ಮೆ ರಕ್ತದ ಕ್ರಿಯಾಟಿನಿನ್, ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ಎರಡನ್ನೂ ನೋಡಿಸಿ. ಮೂತ್ರದಲ್ಲಿ ಅಲ್ಬುಮಿನ್ ಸೋರಲು ಶುರುವಾದರೆ ಕೆಟ್ಟಿರುವುದು ಮೂತ್ರಪಿಂಡ ಮಾತ್ರವಲ್ಲ, ಹೃದಯದ ಅಪಾಯವೂ ಏರಿದೆ.

ಎಲ್ಲಿ, ಯಾವ ಪುಸ್ತಕದಲ್ಲಿ

ಮೂವತ್ತು ದಾಟಿದವರಿಗೆ ಬಿಪಿ, ಶುಗರ್ ತಪಾಸಣೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ಉಚಿತ. ತಾಲ್ಲೂಕು ಆಸ್ಪತ್ರೆಯಲ್ಲಿ ಬಿಪಿ, ಶುಗರ್‌ನಂಥ ಅಂಟದ ಕಾಯಿಲೆಗಳಿಗೆಂದೇ ಇರುವ ಎನ್‌ಸಿಡಿ ಕ್ಲಿನಿಕ್ಕಿನಲ್ಲಿ ಮಾತ್ರೆಯನ್ನೂ ಕೊಡುತ್ತಾರೆ. ಮನೆಬಾಗಿಲಿಗೇ ಬಂದು ತಪಾಸಣೆ ಮಾಡುವ ಗೃಹ ಆರೋಗ್ಯ ಯೋಜನೆ 2024ರಲ್ಲಿ ಮೊದಲು ಶುರುವಾದದ್ದೇ ಕೋಲಾರ ಜಿಲ್ಲೆಯಲ್ಲಿ. ಆಶಾ ಕಾರ್ಯಕರ್ತೆ ಬಂದಾಗ "ನಮಗೇನಿಲ್ಲ, ಹೋಗಮ್ಮ" ಅನ್ನಬೇಡಿ. ಕೂತು ಅಳೆಸಿ, ಅಂಕಿ ಕೇಳಿ ಬರೆದುಕೊಳ್ಳಿ.

ಬರೆಯಲು ಒಂದು ಶಾಲೆಯ ನೋಟ್‌ಬುಕ್ ಸಾಕು. ಅಡ್ಡಕ್ಕೆ ಗೆರೆ ಎಳೆದು ತಾರೀಕು, ಹೊತ್ತು, ಮೊದಲ ಅಂಕಿ, ಎರಡನೇ ಅಂಕಿ, ನಾಡಿ, ಮಾತ್ರೆ ತೆಗೆದುಕೊಂಡದ್ದು, ಟಿಪ್ಪಣಿ ಎಂದು ಮನೆ ಮಾಡಿ. ಟಿಪ್ಪಣಿಯ ಮನೆಯಲ್ಲಿ ನೋವಿನ ಮಾತ್ರೆ, ನಿದ್ದೆಗೇಡು, ಬೀಗರ ಊಟ ಎಲ್ಲ ಬರಲಿ. ಮನೆಯಲ್ಲಿ ಇಬ್ಬರಿಗಿದ್ದರೆ ಎರಡು ಪುಸ್ತಕ, ಒಂದರಲ್ಲೇ ಬೆರೆಸಬೇಡಿ. ಆಸ್ಪತ್ರೆಗೆ ಹೊರಟಾಗ ಪುಸ್ತಕದ ಜೊತೆ ಮಾತ್ರೆಯ ಖಾಲಿ ಹಾಳೆಗಳನ್ನೂ ಒಯ್ಯಿರಿ. "ಬಿಳಿ ಮಾತ್ರೆ, ಸಣ್ಣದು" ಎಂದರೆ ಯಾರಿಗೂ ಗೊತ್ತಾಗದು.

ಪುಸ್ತಕದ ಕೊನೆ ಹಾಳೆಯಲ್ಲಿ ದಪ್ಪಕ್ಷರದಲ್ಲಿ ಇದನ್ನು ಬರೆದಿಡಿ: ಎದೆ ಹಿಂಡಿದ ಹಾಗೆ ನೋವು, ಎಡಗೈಗೋ ದವಡೆಗೋ ಬೆನ್ನಿಗೋ ಹರಡುವುದು, ತಣ್ಣನೆ ಬೆವರು, ಕಾರಣವಿಲ್ಲದ ಏದುಸಿರು ಬಂದರೆ ಬಿಪಿ ನೋಡುತ್ತಾ ಕೂರಬಾರದು. ಬಿಪಿ, ಶುಗರ್ ಎರಡೂ ಸರಿಯಿದ್ದೂ ಹೃದಯಾಘಾತ ಆಗುತ್ತದೆ. ಶುಗರ್ ಇರುವವರಿಗೆ ನೋವೇ ಇಲ್ಲದೆ ಬರೀ ಬೆವರು, ಸುಸ್ತಿನಲ್ಲೂ ಆಗುತ್ತದೆ. ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿದು ಬೆಳಗಾಗಲಿ ಎಂದು ಕಾಯುವುದರಲ್ಲೇ ಹೃದಯದ ಮಾಂಸ ಸಾಯುತ್ತಾ ಹೋಗುತ್ತದೆ. 108ಕ್ಕೆ ಕರೆ ಮಾಡಿ, ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಹೋಗಿ, ಬೈಕಿನಲ್ಲಿ ಕೂರಿಸಿಕೊಂಡು ಹೋಗಬೇಡಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇರುವ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ಜಯದೇವದಂಥ ದೊಡ್ಡ ಕೇಂದ್ರದ ತಜ್ಞರಿಗೆ ಕಳಿಸಿ, ಬೇಕಾದವರಿಗೆ ರಕ್ತದ ಗಡ್ಡೆ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಅದು ಇದೆಯೇ ಎಂದು ಮುಂದಿನ ಸಲ ಮಾತ್ರೆ ತರಲು ಹೋದಾಗ ಕೇಳಿ, ಆ ಹಾಳೆಯಲ್ಲೇ ಬರೆದುಕೊಳ್ಳಿ.